ಬ್ಲೇಡಿನ ಮೇಲೆ ಭಾರಕ್ಕೆ ನಿಂತ ಅತ್ತಿಗೆ

ನಮ್ಮ ಓಣಿಯಲ್ಲಿ ಐದು ಮನೆ, ನೂರಾ ಹನ್ನೆರಡು ಗುಂಡಿ. ಗುಂಡಿ ಎಣಿಸಿದವರು ಟೈಲರ್ ಚಿಕ್ಕಪ್ಪ. ಕಿಟಕಿಯ ಪಕ್ಕ ಮೆಷಿನ್ ಹಾಕಿಕೊಂಡು ಕೂರುವ ಅವರಿಗೆ ಕಣ್ಣಿಗೆ ಬಿದ್ದದ್ದನ್ನೆಲ್ಲ ಎಣಿಸುವ ಚಟ. ಮಳೆ ಬಂದರೆ ಓಣಿ ತುಂಬ ಕೆಸರು. ಬಿಸಿಲು ಬಂದರೆ ಅದೇ ಕೆಸರು ಒಣಗಿ ಕಲ್ಲಿನಂಥ ಗಾಲಿಜಾಡು. ನೀರಿನ ಟ್ಯಾಂಕರ್ ತಿರುವಿನಲ್ಲೇ ನಿಲ್ಲುತ್ತದೆ. ಗ್ಯಾಸಿನವನು ಸಿಲಿಂಡರನ್ನು ಅಲ್ಲೇ ಇಳಿಸಿ, ಹಾರ್ನ್ ಹೊಡೆದು ಹೋಗುತ್ತಾನೆ. ಅಮ್ಮನ ಮಂಡಿ ಊದಿಕೊಂಡ ದಿನ ಆಟೋದವನು ಒಳಗೆ ಬರಲು ಒಪ್ಪಲಿಲ್ಲ. ಅಣ್ಣ ಅವಳನ್ನು ಸಸಿ ಸಾಗಿಸುವ ತಳ್ಳುಗಾಡಿಯಲ್ಲಿ ಕೂರಿಸಿಕೊಂಡು ಹೋದ. "ನಾನೇನು ಗೊಬ್ಬರದ ಮೂಟೆಯೇನೋ" ಎಂದು ಅಮ್ಮ ದಾರಿಯುದ್ದಕ್ಕೂ ಬೈದಳು.

ರಸ್ತೆ ಸರಿ ಮಾಡಿಕೊಡಿ ಎಂದು ಪಂಚಾಯ್ತಿ ಕಚೇರಿಗೆ ಮೂರು ಸಲ ಅರ್ಜಿ ಕೊಟ್ಟೆವು. ಮೂರು ಸಲವೂ "ನೋಡ್ತೀವಿ" ಅಂದರು. ನೋಡುವುದಕ್ಕಾದರೂ ಯಾರೂ ಬರಲಿಲ್ಲ.

ಅಣ್ಣನದು ಸಸಿ ಮಾರುವ ನರ್ಸರಿ. ಅವನ ಹತ್ತಿರ ತೋಟದ ಕೆಲಸದ ಒಂದು ಪುಟ್ಟ ಟ್ರ್ಯಾಕ್ಟರ್ ಇದೆ. ಹೊಲ ಉಳುವ ಟ್ರ್ಯಾಕ್ಟರಿನ ಅರ್ಧದಷ್ಟೂ ಇಲ್ಲ, ಓಣಿಯವರು ಅದನ್ನು 'ಮರಿ' ಅನ್ನುತ್ತಾರೆ. ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟು, ಗೇಟು–ಗ್ರಿಲ್ಲು ಮಾಡುವ ಅಂಗಡಿಯಲ್ಲಿ ವೆಲ್ಡಿಂಗ್ ಕಲಿತವನು.

"ದೊಡ್ಡ ರಸ್ತೆ ಮಾಡೋವಾಗ ಗ್ರೇಡರ್ ಬರುತ್ತಲ್ಲ, ಹೊಟ್ಟೆ ಕೆಳಗೆ ಉದ್ದದ ಬ್ಲೇಡ್ ಇಟ್ಕೊಂಡು ಮಣ್ಣು ಹೆರೀತಾ ಹೋಗುತ್ತಲ್ಲ" ಎಂದ ಅಣ್ಣ ಒಂದು ದಿನ. "ಅಂಥದ್ದೊಂದು ಬ್ಲೇಡ್ ನಮ್ಮ ಮರಿ ಹಿಂದೆ ಕಟ್ಟಿದ್ರೆ ಹೇಗೆ?"

"ಕಟ್ಟೋಣ" ಎಂದೆ. ಆಸೆ ನನಗೂ ಹತ್ತಿತು.

ನಾಲ್ಕು ಭಾನುವಾರ ದುಡಿದೆವು. ಗುಜರಿಯಿಂದ ದಪ್ಪನೆಯ ಕಬ್ಬಿಣದ ಪೈಪ್ ತಂದು ಉದ್ದಕ್ಕೆ ಸೀಳಿದೆ. ಅರ್ಧ ಪೈಪು ಅಂದರೆ ಬ್ಲೇಡಿಗೆ ಬೇಕಾದ ಬಾಗು ತಾನಾಗಿ ಬಂದ ಹಾಗೆ. ಮಣ್ಣು ಕೊರೆಯುವ ಅಂಚಿಗೆ ಲಾರಿಯ ಸ್ಪ್ರಿಂಗಿನ ಹಳೆಯ ಕಮಾನು ಪಟ್ಟಿಯನ್ನು ಬೋಲ್ಟ್ ಹಾಕಿ ಕೂರಿಸಿದೆ. ಆಂಗಲ್ ಕಬ್ಬಿಣದ ಚೌಕಟ್ಟು, ಬ್ಲೇಡನ್ನು ಓರೆ ಮಾಡಲು ತೂತುಗಳಿರುವ ತಟ್ಟೆ, ಎತ್ತಿ ಇಳಿಸಲು ಚೈನು, ಒಂದು ಉದ್ದ ಹಿಡಿ. ಅತ್ತಿಗೆ ಟೀ ತಂದುಕೊಟ್ಟು, "ವೆಲ್ಡಿಂಗ್ ಸಾಹೇಬ್ರೇ, ಇದು ಮಣ್ಣು ಹೆರೆಯುತ್ತೋ, ಇಲ್ಲ ಗಡ್ಡ ಹೆರೆಯುತ್ತೋ?" ಎಂದು ಕೇಳಿದರು. ಅವತ್ತು ಎಲ್ಲರೂ ನಕ್ಕೆವು.

ಮೊದಲ ಸಲ ಎಳೆದಾಗ ಬ್ಲೇಡು ಗಟ್ಟಿ ನೆಲದ ಮೇಲೆ ಜಾರುತ್ತ ಹೋಯಿತು. ಧೂಳು ಎದ್ದಿತು, ಮಣ್ಣು ಏಳಲಿಲ್ಲ.

"ಲೋ, ಅದು ಬ್ಲೇಡೋ ಬಾಚಣಿಗೆಯೋ?" ಟೈಲರ್ ಚಿಕ್ಕಪ್ಪ ಕಿಟಕಿಯಿಂದ ಕೂಗಿದರು. "ರಸ್ತೆಗೆ ತಲೆ ಬಾಚ್ತಿದೀರಲ್ಲೋ!"

ಅಣ್ಣನ ಮುಖ ಕೆಂಪಾಯಿತು. "ಭಾರ ಸಾಲ್ತಿಲ್ಲ ಅಷ್ಟೇ" ಎಂದವನು ಅತ್ತಿಗೆಯ ಕಡೆ ತಿರುಗಿದ. "ಏ, ಬಾ ಇಲ್ಲಿ. ಇದರ ಮೇಲೆ ಹತ್ತಿ ನಿಂತ್ಕೋ."

"ನಾನಾ?"

"ಇನ್ಯಾರು, ಪಕ್ಕದ ಮನೆ ಕೋಳಿನಾ? ಈ ಪಟ್ಟಿ ಮೇಲೆ ಕಾಲಿಡು, ಆ ಹಿಡಿ ಹಿಡ್ಕೋ. ನಿಧಾನಕ್ಕೆ ಹೋಗ್ತೀನಿ. ಏನೂ ಆಗಲ್ಲ."

ಅತ್ತಿಗೆ ಅಮ್ಮನ ಮುಖ ನೋಡಿದರು. ಬಾಗಿಲಲ್ಲಿ ಕುಳಿತಿದ್ದ ಅಮ್ಮ ಕೈ ಬೀಸಿದಳು. "ನಿಲ್ಲಮ್ಮ, ಏನೂ ಆಗಲ್ಲ. ನಿಮ್ಮ ಮಾವ ಎತ್ತು ಕಟ್ಟಿ ಹೊಲ ಸಮ ಮಾಡೋವಾಗ ಹಲಗೆ ಮೇಲೆ ನಿಂತವಳು ನಾನೇ. ಆಗ ನಿನ್ನ ಗಂಡ ನನ್ನ ಹೊಟ್ಟೇಲಿದ್ದ."

ಅತ್ತಿಗೆ ಹತ್ತಿ ನಿಂತರು. ಅಣ್ಣ ಗೇರ್ ಹಾಕಿದ. ಕಮಾನು ಪಟ್ಟಿ ನೆಲ ಕಚ್ಚಿತು.

ಅಯ್ಯೋ, ಎಷ್ಟು ಚೆನ್ನಾಗಿ ಮಣ್ಣು ಬಂತು ಅಂತೀರಿ! ಗಾಲಿಜಾಡಿನ ದಿಣ್ಣೆ ಕತ್ತರಿಸಿಕೊಂಡು, ಸುರುಳಿ ಸುತ್ತಿಕೊಂಡು, ಗುಂಡಿಯೊಳಗೆ ಬಿದ್ದು ತುಂಬಿಕೊಂಡಿತು. ಎರಡು ಸುತ್ತು ಹೊಡೆಯುವಷ್ಟರಲ್ಲಿ ನಮ್ಮ ಮನೆಯ ಮುಂದೆ ಇಪ್ಪತ್ತು ಹೆಜ್ಜೆ ರಸ್ತೆ ಚಾಪೆ ಹಾಸಿದ ಹಾಗಾಯಿತು. ಓಣಿಯವರು ಚಪ್ಪಾಳೆ ಹೊಡೆದರು. "ಇಪ್ಪತ್ತೊಂಬತ್ತು ಗುಂಡಿ ಹೋಯ್ತು!" ಎಂದು ಚಿಕ್ಕಪ್ಪ ಲೆಕ್ಕ ಕೊಟ್ಟರು.

ನಾನು ಮಾತ್ರ ಚಪ್ಪಾಳೆ ಹೊಡೆಯಲಿಲ್ಲ. ಬ್ಲೇಡಿನ ಪಕ್ಕದಲ್ಲೇ ನಡೆಯುತ್ತಿದ್ದ ನನಗೆ ಅತ್ತಿಗೆಯ ಕಾಲು ಕಾಣುತ್ತಿತ್ತು. ಕಾಲ ಹೆಬ್ಬೆರಳಿಗೂ ನಾನೇ ಮಸೆದು ಹರಿತ ಮಾಡಿದ ಪಟ್ಟಿಗೂ ನಡುವೆ ನಾಲ್ಕು ಬೆರಳು ಜಾಗ. ಚೌಕಟ್ಟು ಎಗರಿದಾಗಲೆಲ್ಲ ಅವರ ಮಂಡಿ ಮಡಚಿಕೊಳ್ಳುತ್ತಿತ್ತು, ಹಿಡಿ ಹಿಡಿದ ಬೆರಳುಗಳು ಬೆಳ್ಳಗಾಗುತ್ತಿದ್ದವು. ಅವರ ಮುಂದೆ, ಎರಡು ದೊಡ್ಡ ಗಾಲಿ ತಿರುಗುತ್ತಿದ್ದವು. ಅಣ್ಣನ ಬೆನ್ನು ಅವರ ಕಡೆ. ಅವನ ಕಣ್ಣು ದಾರಿಯ ಮೇಲೆ, ಕಿವಿ ತುಂಬ ಎಂಜಿನ್ ಸದ್ದು. ನನಗೆ ಭಯವಾಯಿತು. ಆದರೂ ಬಾಯಿ ಬಿಡಲಿಲ್ಲ. ಯಾಕೆ? ನನ್ನ ವೆಲ್ಡಿಂಗನ್ನು ಎಲ್ಲರೂ ಹೊಗಳುತ್ತಿದ್ದರು. ಆ ಹೊಗಳಿಕೆ ಬಾಯಿಗೆ ಬೀಗ ಹಾಕಿತು. ಇವತ್ತಿಗೂ ಅದನ್ನು ನೆನೆದರೆ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳೋಣ ಅನ್ನಿಸುತ್ತದೆ.

ಇಳಿದ ಮೇಲೆ ಅತ್ತಿಗೆಯ ಕಾಲು ನಡುಗುತ್ತಿತ್ತು. "ಜೋಮು ಹಿಡಿದಿದೆ ಅಷ್ಟೇ" ಎಂದು ಗೋಡೆ ಹಿಡಿದುಕೊಂಡು ಒಳಗೆ ಹೋದರು.

"ನಾಳೆ ಓಣಿ ಕೊನೆಯ ಇಳಿಜಾರು ಮುಗಿಸಿಬಿಡೋಣ" ಎಂದ ಅಣ್ಣ. "ಲೋ, ಅವಳಿಗೆ ಹಿಡ್ಕೊಳ್ಳೋಕೆ ಒಂದು ಗಟ್ಟಿ ಕಂಬಿ ವೆಲ್ಡ್ ಮಾಡಿಬಿಡು. ಕಾಲಿಡೋಕೆ ಅಗಲದ ಹಲಗೇನೂ ಇರಲಿ. ಆರಾಮಾಗಿ ನಿಂತ್ಕೊಳ್ಲಿ."

ನೋಡಿ, ನಾವು ಎಂಥ ಬುದ್ಧಿವಂತರು! ಅವರು ಅಲ್ಲಿ ನಿಲ್ಲಲೇಬಾರದು ಎಂದು ಒಬ್ಬನಿಗೂ ಹೊಳೆಯಲಿಲ್ಲ. ಆರಾಮಾಗಿ ನಿಲ್ಲುವುದು ಹೇಗೆಂದು ಯೋಚಿಸಿದೆವು.

ಮರುದಿನ ಬೆಳಿಗ್ಗೆ ಪೈಪು ತರಲು ನಟ್ಟಕ್ಕನ ಅಂಗಡಿಗೆ ಹೋದೆ. ನಟ್ಟಕ್ಕ ಇಪ್ಪತ್ತು ವರ್ಷದಿಂದ ನಟ್ಟು, ಬೋಲ್ಟು, ಟ್ರ್ಯಾಕ್ಟರ್ ಸಾಮಾನು ಮಾರುವವರು. ಬೋಲ್ಟನ್ನು ಅಂಗೈಯಲ್ಲಿ ತೂಗಿಯೇ ಅಳತೆ ಹೇಳಿಬಿಡುತ್ತಾರೆ. ಯಾವ ಸಾಮಾನು ಎಲ್ಲಿಗೆ ಎಂದು ಕೇಳದೆ ಕೊಡುವವರಲ್ಲ.

"ಎಲ್ಲಿಗೋ ತಮ್ಮ ಈ ಪೈಪು? ಗೇಟಿಗಾ?"

"ಇಲ್ಲಕ್ಕ, ಟ್ರ್ಯಾಕ್ಟರ್ ಹಿಂದೆ ಕಟ್ಟಿರೋ ಬ್ಲೇಡಿಗೆ. ಅದರ ಮೇಲೆ ಅತ್ತಿಗೆ ನಿಂತ್ಕೊಳ್ತಾರೆ, ಭಾರಕ್ಕೆ. ಅವರಿಗೆ ಹಿಡಿ."

ನಟ್ಟಕ್ಕನ ಕೈಯಲ್ಲಿದ್ದ ಪೈಪು ಮೇಜಿನ ಮೇಲೆ ಠಣ್ ಎಂದು ಬಿತ್ತು. "ಯಾರು ನಿಂತ್ಕೊಳ್ತಾರೆ?"

"ಅತ್ತಿಗೆ."

"ಓಡುವ ಟ್ರ್ಯಾಕ್ಟರ್ ಹಿಂದೆ?"

"ನಿಧಾನಕ್ಕೇ ಹೋಗ್ತಾನೆ ಅಕ್ಕ. ನಿನ್ನೆ ಏನೂ ಆಗ್ಲಿಲ್ಲ."

"ಮುಚ್ಚು ಬಾಯಿ!" ಎಂದರು. ನಾನು ಸಿಟ್ಟಿನ ಮನುಷ್ಯ, ಯಾರಿಂದಲೂ ಇಂಥ ಮಾತು ಕೇಳಿಸಿಕೊಂಡವನಲ್ಲ. ತಿರುಗಿ ಮಾತಾಡುವ ಮೊದಲೇ ಅವರು ಪೈಪನ್ನು ಎತ್ತಿ ಒಳಗಿಟ್ಟರು. "ನನ್ನ ಹತ್ತಿರ ಬೋಲ್ಟ್ ತಗೊಂಡು ಹೋಗಿ ಒಬ್ಬ ಹೀಗೇ ಮಾಡಿದ. ನಿಲ್ಲಿಸಿದ್ದು ಸ್ವಂತ ಅಪ್ಪನ್ನ. ಅಪ್ಪ ಉಳಿದ್ರು, ಅವರ ಎರಡು ಕಾಲು ಉಳೀಲಿಲ್ಲ. ಆಮೇಲೆ ಆ ಮಗ ನನ್ನ ಅಂಗಡಿಗೆ ಬಂದಿದ್ದ. ಏನೂ ಕೊಳ್ಳೋಕಲ್ಲ. ಆ ಸ್ಟೂಲ್ ಮೇಲೆ ಸುಮ್ಮನೆ ಒಂದು ಗಂಟೆ ಕೂತು ಎದ್ದು ಹೋದ. ನಿಮ್ಮಣ್ಣ ಈಗ ಎಲ್ಲಿದ್ದಾನೆ?"

"ಮನೇಲಿ. ನಾನು ಬರೋವರೆಗೂ..."

ನಾನು ಬರುವವರೆಗೂ ಕಾಯುತ್ತೇನೆ ಎಂದು ಅಣ್ಣ ಹೇಳಿರಲಿಲ್ಲ.

ನಟ್ಟಕ್ಕ ಶಟರ್ ಅರ್ಧಕ್ಕೆ ಎಳೆದು ನನ್ನ ಬೈಕಿನ ಹಿಂದೆ ಕುಳಿತರು. ಓಣಿಯ ತಿರುವಿಗೆ ಬರುವಷ್ಟರಲ್ಲಿ ಮರಿಯ ಸದ್ದು ಕೇಳಿಸಿತು. ಗುಂಡಿಯಲ್ಲಿ ಬೈಕು ಓಡುವುದಿಲ್ಲ. ಅಲ್ಲೇ ಕೆಡವಿ ಓಡಿದೆ. ಕಣ್ಣಿಗೆ ಕಂಡದ್ದು ಧೂಳು ಮಾತ್ರ. ಧೂಳಿನ ಮುಂದೆ ಅಣ್ಣನ ತಲೆ. ಹಿಂದೆ ಯಾರೂ ಕಾಣಲಿಲ್ಲ.

ಯಾರೂ ಕಾಣಲಿಲ್ಲ!

"ಅಣ್ಣಾ! ನಿಲ್ಸೋ!" ಕಿರುಚಿದೆ. ಅವನಿಗೆ ಕೇಳಲಿಲ್ಲ. ಮತ್ತೆ ಕಿರುಚಿದೆ. ಅವನು ಹಾಡು ಗುನುಗುವವನ ಹಾಗೆ ತಲೆ ಆಡಿಸುತ್ತ ಹೋಗುತ್ತಲೇ ಇದ್ದ. ನಾನು ಅಲ್ಲೇ ನಿಂತುಬಿಟ್ಟೆ. ಧೂಳಿನಲ್ಲಿ ನೆಲದ ಮೇಲೆ ಏನು ಬಿದ್ದಿದೆ ಎಂದು ನೋಡಲು ನನಗೆ ಧೈರ್ಯವಿರಲಿಲ್ಲ.

"ಏನೋ ಅದು ಕೂಗಾಟ?" ಬೆನ್ನ ಹಿಂದಿನಿಂದ ದನಿ ಬಂತು. ಅತ್ತಿಗೆ! ಬಾಗಿಲಲ್ಲಿ, ಕೈ ಒರೆಸಿಕೊಳ್ಳುತ್ತ ನಿಂತಿದ್ದರು. "ಇನ್ನೂ ಹತ್ತಿಲ್ಲ ಮಾರಾಯ. ಇಳಿಜಾರಿನವರೆಗೂ ಖಾಲಿ ತಗೊಂಡು ಹೋಗ್ತಿದ್ದಾರೆ. ಅಲ್ಲಿಗೆ ಬಾ ಅಂದ್ರು."

ನಾನು ಅಲ್ಲೇ ಕುಕ್ಕರಿಸಿದೆ. ನಟ್ಟಕ್ಕ ನೇರ ಹೋಗಿ ಟ್ರ್ಯಾಕ್ಟರಿನ ಮುಂದೆ, ದೂರದಲ್ಲೇ ನಿಂತು ಎರಡೂ ಕೈ ಎತ್ತಿದರು. ಆಗಲೇ ಅಣ್ಣ ನಿಲ್ಲಿಸಿದ್ದು.

"ಏನಕ್ಕ, ಪೈಪು ನೀವೇ ಹೊತ್ಕೊಂಡು ಬಂದ್ರಾ?" ನಗುತ್ತ ಕೇಳಿದ.

"ಪೈಪು ಕೊಡಲ್ಲ ಅಂತ ಹೇಳೋಕೆ ಬಂದೆ. ಹೆಂಡತೀನ ಆ ಬ್ಲೇಡ್ ಮೇಲೆ ಹತ್ತಿಸಬೇಡ."

"ಅಯ್ಯೋ, ಅಷ್ಟೇನಾ! ಮೊದಲನೇ ಗೇರಲ್ಲಿ ಹೋಗೋದು ಅಕ್ಕ, ಆಮೆ ಹಾಗೆ. ಬಿದ್ರೂ ಎದ್ದು ಬರ್ತಾಳೆ."

ಅಮ್ಮನೂ ಕುಂಟುತ್ತ ಬಂದಳು. "ಎತ್ತಿನ ಹಿಂದೆ ನಾನು ನಿಂತಿರಲಿಲ್ವೇನಮ್ಮ? ನಿನ್ನ ಹಾಗೆ ಹೆದರಿದ್ರೆ ಹೊಲ ಸಮ ಆಗ್ತಿತ್ತಾ?"

"ಅಮ್ಮ, ಹಲಗೆ ಕಲ್ಲಿಗೆ ಸಿಕ್ಕಿಕೊಂಡ್ರೆ ಎತ್ತು ಏನು ಮಾಡ್ತಿತ್ತು?" ನಟ್ಟಕ್ಕ ಕೇಳಿದರು.

"ನಿಲ್ತಿತ್ತು."

"ನೀವು ಬಿದ್ದು ಕೂಗಿಕೊಂಡ್ರೆ?"

"ಆಗಲೂ ನಿಲ್ತಿತ್ತು. ಅದಕ್ಕೂ ಜೀವ ಇದೆಯಲ್ಲಮ್ಮ."

"ಇದು ನಿಲ್ಲಲ್ಲ. ಎತ್ತಿಗೆ ಕಿವಿ ಇದೆ, ಎಂಜಿನ್‌ಗೆ ಇಲ್ಲ. ಓಡಿಸೋನಿಗೆ ಎರಡು ಇದ್ರೂ ಈ ಸದ್ದಲ್ಲಿ ಇಲ್ಲದ ಹಾಗೇ. ಈಗ ಇವನು ಅಷ್ಟು ಕಿರುಚಿದ್ದು ನಿಮ್ಮ ದೊಡ್ಡ ಮಗನಿಗೆ ಕೇಳಿಸ್ತಾ?"

ಅಮ್ಮ ಅಣ್ಣನ ಕಡೆ ನೋಡಿದಳು. "ಯಾವಾಗ ಕಿರುಚಿದ?" ಎಂದ ಅಣ್ಣ. ಆದರೂ ಸೋಲಲಿಲ್ಲ. "ಹಿಂದಿನಿಂದ ಕೂಗಿದ್ದು ಕೇಳದಿರಬಹುದು. ಜನ ಬಿದ್ರೆ ಗೊತ್ತಾಗಲ್ವಾ ಅಕ್ಕ? ನಾನೇನು ಕಲ್ಲಾ?"

"ಗೊತ್ತಾಗುತ್ತಾ? ಹಾಗಾದ್ರೆ ನೋಡೇಬಿಡೋಣ" ಎಂದರು ನಟ್ಟಕ್ಕ. "ನಿನ್ನ ಹೆಂಡತಿ ತೂಕ ಎಷ್ಟು?"

"ರೀ, ಹೇಳಬೇಡಿ!" ಎಂದರು ಅತ್ತಿಗೆ. ಆಮೇಲೆ ಅವರೇ ಮೆಲ್ಲಗೆ, "ಸಿಮೆಂಟ್ ಮೂಟೆಯಷ್ಟು" ಎಂದರು.

ನಾನು ಖಾಲಿ ಸಿಮೆಂಟ್ ಚೀಲಕ್ಕೆ ಮಣ್ಣು ತುಂಬಿ ಬಾಯಿ ಹೊಲಿದೆ. ಅತ್ತಿಗೆ ನಿಲ್ಲುತ್ತಿದ್ದ ಜಾಗದಲ್ಲೇ ನೆಟ್ಟಗೆ ನಿಲ್ಲಿಸಿ, ಸೆಣಬಿನ ದಾರದಿಂದ ಹಿಡಿಗೆ ಒಂದೇ ಸುತ್ತು ಕಟ್ಟಿದೆ. "ಕೈ ಹಿಡಿತ ಎಷ್ಟು ಗಟ್ಟಿಯೋ ಅಷ್ಟೇ ಇರಲಿ" ಎಂದರು ನಟ್ಟಕ್ಕ. ಆಮೇಲೆ ಅಣ್ಣನಿಗೆ, "ಇವತ್ತು ಹೇಗೆ ಹೋಗಬೇಕು ಅಂತಿದ್ಯೋ ಹಾಗೇ ಹೋಗು. ಇಳಿಜಾರು ಹತ್ತಿ ಇಳಿದು ಬಾ. ಬಿದ್ದದ್ದು ಗೊತ್ತಾದ ತಕ್ಷಣ ನಿಲ್ಸು. ನಿಲ್ಸಿದ್ರೆ ಪೈಪು ನಾನೇ ಕೊಡ್ತೀನಿ" ಎಂದರು. ನಮ್ಮನ್ನೆಲ್ಲ ಗೋಡೆಯ ಹತ್ತಿರಕ್ಕೆ, ದೂರಕ್ಕೆ ಸರಿಸಿದರು.

ಮರಿ ಇಳಿಜಾರು ಹತ್ತಿತು. ಮೂಟೆ ಅಲುಗಿತು, ಬೀಳಲಿಲ್ಲ. ಮೇಲೆ ಅಣ್ಣ ತಿರುಗಿಸಿಕೊಂಡು ನಮ್ಮ ಕಡೆ ನೋಡಿ ಹುಬ್ಬು ಹಾರಿಸಿದ. "ಸೋತಿರಿ ನಟ್ಟಕ್ಕ" ಎಂದರು ಚಿಕ್ಕಪ್ಪ ಕಿಟಕಿಯಿಂದ. ನನ್ನ ಜೀವ ಕೈಯಲ್ಲಿತ್ತು. ಮೂಟೆ ಬೀಳದಿದ್ದರೆ ಸಂಜೆಯೊಳಗೆ ಅತ್ತಿಗೆ ಆ ಜಾಗದಲ್ಲಿ ನಿಲ್ಲುತ್ತಾರೆ. ಮಣ್ಣಿನ ಮೂಟೆ ಬೀಳಲಿ ಎಂದು ಬೇಡಿಕೊಂಡವನು ಜಗತ್ತಿನಲ್ಲಿ ನಾನೊಬ್ಬನೇ ಇರಬೇಕು.

ಇಳಿಯುವಾಗ, ಅರ್ಧ ದಾರಿಯಲ್ಲಿ, ಬ್ಲೇಡು ಏನಕ್ಕೋ ತಗುಲಿತು. ನೆಲದೊಳಗೆ ಹೂತಿದ್ದ ಒಂದು ಕಲ್ಲು. ದಿನಾ ಅದರ ಮೇಲೇ ನಡೆಯುತ್ತಿದ್ದರೂ ಅಲ್ಲಿ ಕಲ್ಲಿದೆ ಎಂದು ಐದು ಮನೆಯವರಲ್ಲಿ ಯಾರಿಗೂ ಗೊತ್ತಿರಲಿಲ್ಲ. ಬ್ಲೇಡು ನಿಂತಿತು, ಮೂಟೆ ನಿಲ್ಲಲಿಲ್ಲ. ದಾರ ಪಟ್ ಎಂದು ಹರಿದು, ಮೂಟೆ ಮುಂದಕ್ಕೆ ಮಗುಚಿ ಗಾಲಿಗೂ ಬ್ಲೇಡಿಗೂ ನಡುವೆ ಬಿತ್ತು. ಎಂಜಿನ್ ಒಂದು ಕ್ಷಣ ಕುಗ್ಗಿ, ಮತ್ತೆ ಜೋರಾಗಿ ಗುಡುಗಿತು. ಬ್ಲೇಡು ಕಲ್ಲನ್ನು ಹಾರಿ ಮೂಟೆಯ ಮೇಲೆ ಇಳಿಯಿತು.

ನಾನು ಕೂಗಿದೆ. ಅಮ್ಮ ಕೂಗಿದಳು. ಅಣ್ಣ ನಿಲ್ಲಿಸಲಿಲ್ಲ. ಇಳಿಜಾರು ಮುಗಿಸಿ, ನಮ್ಮ ಮುಂದೆ ಬಂದು, ಎಂಜಿನ್ ಆರಿಸಿ, ಬೆವರು ಒರೆಸಿಕೊಂಡ.

"ನೋಡಿದ್ರಾ? ನಡುವೆ ಸ್ವಲ್ಪ ಎಳೆಯೋಕೆ ಕಷ್ಟಪಡ್ತು, ಎಕ್ಸಲೇಟರ್ ಕೊಟ್ಟೆ, ಬಂದುಬಿಡ್ತು" ಎನ್ನುತ್ತ ಹಿಂದೆ ತಿರುಗಿದ.

"ಮೂಟೆ ಎಲ್ಲಿ?"

ಅಣ್ಣ ಕೆಳಗಿಳಿದು ಬ್ಲೇಡಿನ ಸುತ್ತ ಬಗ್ಗಿ ನೋಡಿದ.

"ಏ, ಮೂಟೆ ಎಲ್ರೋ?"

ನಟ್ಟಕ್ಕ ಇಳಿಜಾರಿನ ಕಡೆ ಕೈ ತೋರಿಸಿದರು. ಅಣ್ಣ ನಡೆದುಕೊಂಡು ಹೋದ. ಚೀಲ ಉದ್ದಕ್ಕೆ ಸೀಳಿಹೋಗಿತ್ತು. ಅದರ ಒಳಗಿನ ಮಣ್ಣನ್ನು ಬ್ಲೇಡು ಹತ್ತು ಹೆಜ್ಜೆ ಎಳೆದುಕೊಂಡು ಹೋಗಿ, ಗುಂಡಿಗೆ ತುಂಬಿ, ಮೇಲೆ ನೀಟಾಗಿ ಸವರಿತ್ತು. ಅಣ್ಣ ಬಗ್ಗಿ ಚೀಲದ ಚೂರೊಂದನ್ನು ಎತ್ತಿಕೊಂಡ. ಎತ್ತಿಕೊಂಡವನು ನೆಟ್ಟಗಾಗಲಿಲ್ಲ. ಹಾಗೇ ಮಂಡಿಯೂರಿ ಕುಳಿತ.

ಅತ್ತಿಗೆ ಅವನ ಹತ್ತಿರ ಹೋಗಿ ನಿಂತರು. "ನಿನ್ನೆ ನನಗೆ ತುಂಬ ಭಯ ಆಗಿತ್ತು ರೀ" ಎಂದರು. "ಹೇಳಿದ್ರೆ ಅಂಜುಬುರುಕಿ ಅಂತೀರಿ ಅಂತ ಸುಮ್ಮನಿದ್ದೆ."

"ನಾನು ಎಕ್ಸಲೇಟರ್ ಕೊಟ್ಟೆ ಕಣೇ" ಎಂದ ಅಣ್ಣ. ಅದೊಂದೇ ಮಾತನ್ನು ನಾಲ್ಕೈದು ಸಲ ಹೇಳಿದ. "ನಿಲ್ಲಿಸಲಿಲ್ಲ. ಇನ್ನಷ್ಟು ಕೊಟ್ಟೆ."

ಅಮ್ಮ ಎತ್ತಿನ ಮಾತು ಎತ್ತಲಿಲ್ಲ. ಸೊಸೆಯ ತೋಳನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಮನೆಗೆ ಕರೆದುಕೊಂಡು ಹೋದಳು. ಮಧ್ಯಾಹ್ನದವರೆಗೂ ಆ ಕೈ ಬಿಡಲಿಲ್ಲ.

ಆಮೇಲೆ ಮಾಡಿದ್ದು ಸಣ್ಣ ಕೆಲಸ. ನಟ್ಟಕ್ಕ ಎರಡು ಖಾಲಿ ಪೇಂಟ್ ಬಕೆಟ್ ಕೊಟ್ಟರು. ಅವುಗಳಿಗೆ ಕಾಂಕ್ರೀಟ್ ತುಂಬಿ, ನಡುವೆ ಉದ್ದನೆಯ ಬೋಲ್ಟ್ ನೆಟ್ಟು, ಒಂದು ವಾರ ನೀರು ಹಾಕಿ ಗಟ್ಟಿ ಮಾಡಿ ಚೌಕಟ್ಟಿಗೆ ಬಿಗಿದೆವು. "ಎರಡು ಬಕೆಟ್ ಸೇರಿ ಒಬ್ಬ ಅತ್ತಿಗೆ" ಎಂದರು ಚಿಕ್ಕಪ್ಪ. ಅಣ್ಣ ನಗಲಿಲ್ಲ. ಹಿಂದೆ ಭಾರ ಹೆಚ್ಚಾದರೆ ಮರಿಯ ಮೂತಿ ಮೇಲೇಳುತ್ತದೆ ಎಂದು ಮುಂದೆಯೂ ಒಂದು ತೂಕ ಬಿಗಿಸಿದರು ನಟ್ಟಕ್ಕ. ಬ್ಲೇಡನ್ನು ಎಳೆಯುವ ಕೊಂಡಿ ಹಿಂದಿನ ಗಾಲಿಯ ಅಚ್ಚಿಗಿಂತ ಕೆಳಗೇ ಇದೆಯೇ ಎಂದು ಕೈಯಿಟ್ಟು ನೋಡಿದರು. ಅದು ಮೇಲಿದ್ದರೆ ಟ್ರ್ಯಾಕ್ಟರೇ ಹಿಂದಕ್ಕೆ ಮಗುಚಿ ಓಡಿಸುವವನ ಮೇಲೆ ಬೀಳುತ್ತದಂತೆ. ಇದು ನನಗೂ ಗೊತ್ತಿರಲಿಲ್ಲ. ಸರಿಯಾದ ಜಾಗಕ್ಕೆ ಹಾಕಿದ್ದೆ ನಿಜ, ಆದರೆ ತಿಳಿದು ಹಾಕಿದ್ದಲ್ಲ.

ಈಗ ನಮ್ಮ ಓಣಿಗೆ ಟ್ಯಾಂಕರ್ ಬರುತ್ತದೆ. ರಸ್ತೆ ಹೆರೆಯುವ ದಿನ ಎಲ್ಲರೂ ಮನೆಯೊಳಗೆ. ಟ್ರ್ಯಾಕ್ಟರ್ ಓಡಿಸುವವನಿಗೆ ಕಾಣುವ ಜಾಗದಲ್ಲಿ, ದೂರದಲ್ಲಿ ಒಬ್ಬನೇ ನಿಲ್ಲುತ್ತಾನೆ. ಅವನು ಕೈ ಎತ್ತಿದರೆ ಎಂಜಿನ್ ಆಫ್.

ಇದನ್ನು ಓದುತ್ತಿರುವ ಅಣ್ಣಂದಿರೇ, ಮನೆಯಲ್ಲೇ ಬ್ಲೇಡ್ ಮಾಡಿ, ಬೇಡ ಅನ್ನುವುದಿಲ್ಲ. ನಮ್ಮಂಥವರು ಮಾಡದೆ ಇನ್ಯಾರು ಮಾಡಿಕೊಡುತ್ತಾರೆ? ಆದರೆ ಭಾರಕ್ಕೆ ಕಲ್ಲಿದೆ, ಕಬ್ಬಿಣವಿದೆ, ಕಾಂಕ್ರೀಟಿದೆ. ಬಿಗಿಯಾಗಿ ಬೋಲ್ಟ್ ಹಾಕಿ. ಮನುಷ್ಯರನ್ನು ಹತ್ತಿಸಬೇಡಿ, ಒಂದು ಹೆಜ್ಜೆ ದೂರಕ್ಕೂ ಬೇಡ. ಎತ್ತಿ ನಿಲ್ಲಿಸಿದ ಬ್ಲೇಡಿನ ಕೆಳಗೆ ಮರದ ದಿಮ್ಮಿ ಕೊಡದೆ ಕೈ ಹಾಕಬೇಡಿ. ಎಂಜಿನ್ ಆರಿಸದೆ, ಕೀಲಿ ಜೇಬಿಗೆ ಹಾಕದೆ ಹಿಂದಕ್ಕೆ ಹೋಗಬೇಡಿ.

ಅಕ್ಕತಂಗಿಯರೇ, ನಿಮಗೆ ಇನ್ನೂ ಗಟ್ಟಿಯಾಗಿ ಹೇಳುತ್ತೇನೆ. ಗಂಡ ಹೇಳಲಿ, ಅತ್ತೆ ಹೇಳಲಿ, ಊರೇ ಹೇಳಲಿ, ಹತ್ತಬೇಡಿ. ಜಗಳವಾದರೆ ಆಗಲಿ, ಒಂದು ಹೊತ್ತು ಮಾತು ಬಿಟ್ಟರೆ ಬಿಡಲಿ. ನಿಮ್ಮ ಮಹಿಳಾ ಸಂಘದಲ್ಲಿ ಇದನ್ನು ಗಟ್ಟಿಯಾಗಿ ಓದಿ. ಓದಿ ಮುಗಿಸಿದ ಕೂಡಲೇ ಎದ್ದು ಹೋಗಿ, ನಿಮ್ಮ ಬೀದಿಯಲ್ಲಿ ಇವತ್ತು ಯಾರಾದರೂ ಟ್ರ್ಯಾಕ್ಟರಿನ ಹಿಂದೆ ಭಾರಕ್ಕೆ ನಿಂತಿದ್ದಾರೆಯೇ ನೋಡಿ. ನಿಂತಿದ್ದರೆ, ಓಡಿಸುವವನಿಗೆ ಕಾಣುವ ಹಾಗೆ ಮುಂದೆ ದೂರದಲ್ಲಿ ನಿಂತು ಎರಡೂ ಕೈ ಎತ್ತಿ. ಅವನು ನಿಲ್ಲಿಸುವವರೆಗೂ ಕೈ ಇಳಿಸಬೇಡಿ.